ನಿಧಾನಣ್ಣನ ಕಪ್ಪು ಕಾರ್ಡು

ರೈಲು ನಿಲ್ದಾಣದ ಎದುರಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಅವನನ್ನು ಎಲ್ಲರೂ ನಿಧಾನಣ್ಣ ಅಂತಲೇ ಕರೆಯುವುದು. ಹೆತ್ತವರು ಇಟ್ಟ ಹೆಸರು ಲೈಸೆನ್ಸಿನ ಮೇಲಿದೆ, ಅದನ್ನು ಪೊಲೀಸರು ಮಾತ್ರ ಓದುತ್ತಾರೆ. ಗಾಡಿ ನಿಧಾನ ಓಡಿಸುತ್ತಾನೆಂದು ಬಂದ ಹೆಸರಲ್ಲ ಇದು. ಸ್ಟಿಯರಿಂಗ್ ಕೈಗೆ ಸಿಕ್ಕರೆ ಅವನಷ್ಟು ಚುರುಕಿನವನು ಆ ಸ್ಟ್ಯಾಂಡಿನಲ್ಲೇ ಇಲ್ಲ. ನಿಧಾನವಿರುವುದು ತಲೆಯಲ್ಲಿ. ಬೆಳಿಗ್ಗೆ ಯಾರಾದರೂ ಜೋಕು ಹೇಳಿದರೆ ಇವನು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಒಬ್ಬನೇ ಕಿಸಕ್ಕನೆ ನಗುತ್ತಾನೆ. "ಬಂತು ನೋಡ್ರಪ್ಪ, ಈಗ ತಲುಪ್ತು!" ಅಂತ ಪಕ್ಕದವರು ಚಪ್ಪಾಳೆ ತಟ್ಟುತ್ತಾರೆ. ಅದಕ್ಕೂ ಅವನಿಗೆ ಬೇಸರವಿಲ್ಲ. ಬೇಸರವಾಗುವುದಿದ್ದರೂ ಮರುದಿನವೇ ಆಗುವುದು.

ಇಂಥವನಿಗೆ ಸಿಕ್ಕ ಹೆಂಡತಿ ಮಾತ್ರ ಪಟಪಟ ಸಿಡಿಯುವವಳು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡು ಬೀದಿಯವರ ಪ್ಯಾಂಟಿನ ಉದ್ದ ಕಡಿಮೆ ಮಾಡುತ್ತಾಳೆ, ಕೆಟ್ಟ ಜಿಪ್ ಬದಲಾಯಿಸುತ್ತಾಳೆ, ಹೊಟ್ಟೆ ಬೆಳೆದವರ ಕೋಟು ಬಿಚ್ಚಿ ಅಗಲ ಮಾಡಿಕೊಡುತ್ತಾಳೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಗಂಡನಿಗೆ ಬೈಯಬಲ್ಲ ಹೆಂಗಸು. ಒದ್ದೆ ಟವೆಲ್ಲು ಮಂಚದ ಮೇಲೆ ಯಾಕೆ ಬಿತ್ತು, ಬಾತ್‌ರೂಮಿನ ಬಲ್ಬು ಹೋಗಿ ಎಷ್ಟು ದಿನವಾಯಿತು, ನಿಮ್ಮಮ್ಮ ನಿಮಗೆ ತಲೆ ಕೊಟ್ಟದ್ದು ಬರೀ ಕೂದಲು ಬೆಳೆಸೋಕಾ... ಹೀಗೆ. ಅವನು ಸುಮ್ಮನೆ ಕೇಳಿಸಿಕೊಂಡು, ಎರಡು ದಿನ ಬಿಟ್ಟು ಉತ್ತರ ಕೊಡುವನು. ಆಗ ಎರಡನೆಯ ಸುತ್ತು ಶುರು. ಆ ಮನೆಯಲ್ಲಿ ಸಂಸಾರ ನಡೆಯುತ್ತಿದ್ದದ್ದೇ ಹಾಗೆ, ಇಬ್ಬರಿಗೂ ಅದರಿಂದ ಏನೂ ತೊಂದರೆ ಇರಲಿಲ್ಲ.

ಈ ಜಗಳ ಒಂದು ದಿನ ನಿಂತುಹೋಯಿತು. ಕಥೆ ಇರುವುದು ಇಲ್ಲೇ.

ನಿಲ್ಲುವುದಕ್ಕೆ ಕಾರಣ ಒಂದು ವಿಮಾನ ಪ್ರಯಾಣ. ಅವನ ಅತ್ತೆಗೆ ದೂರದ ಊರಿನಲ್ಲಿ ಮಗನಿದ್ದಾನೆ, ಅವನಿಗೊಂದು ಮಗು ಹುಟ್ಟಿತ್ತು. ಅಜ್ಜಿಗೆ ಮೊಮ್ಮಗನನ್ನು ನೋಡುವ ಆಸೆ. ಒಬ್ಬಳೇ ಹೋಗುವ ಧೈರ್ಯವಿಲ್ಲ. ಹಾಗಾಗಿ ಇಬ್ಬರು ಹೆಣ್ಣುಮಕ್ಕಳು, ಇಬ್ಬರು ಅಳಿಯಂದಿರು, ಎಲ್ಲರೂ ಹೊರಟರು. ನಡುವೆ ಒಂದು ದೊಡ್ಡ ನಿಲ್ದಾಣದಲ್ಲಿ ಇಳಿದು, ಅರ್ಧ ದಿನ ಕಾದು, ಇನ್ನೊಂದು ವಿಮಾನ ಹತ್ತಬೇಕಿತ್ತು.

ನಿಧಾನಣ್ಣನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ವಿಮೆ ಕಂಪನಿಯೊಂದರಲ್ಲಿ ಅಧಿಕಾರಿ. ಕೆಟ್ಟವನಲ್ಲ. ಸ್ವಲ್ಪ ತೋರಿಸಿಕೊಳ್ಳುವ ಚಟ, ಅಷ್ಟೇ. ಆ ನಿಲ್ದಾಣದಲ್ಲಿ ಇಳಿದ ಕೂಡಲೇ ಅವನು ಜೇಬಿನಿಂದ ಕಪ್ಪು ಬಣ್ಣದ ಕ್ರೆಡಿಟ್ ಕಾರ್ಡು ತೆಗೆದ, ಮಗುವಿನ ಫೋಟೋ ತೋರಿಸುವವರ ಹಾಗೆ. ಈ ಕಾರ್ಡು ಇದ್ದವರಿಗೆ ಒಳಗೆ ಲಾಂಜ್ ಅಂತ ಒಂದು ಜಾಗವಿದೆ, ಊಟ ತಿಂಡಿ ಪುಕ್ಕಟೆ, ಮೆತ್ತನೆಯ ಕುರ್ಚಿ, ಜೊತೆಗೆ ಮೂವರನ್ನು ಕರೆದುಕೊಂಡು ಹೋಗಬಹುದು ಎಂದ. ಅವನೂ ಸೇರಿ ನಾಲ್ವರು. ಇದ್ದದ್ದು ಐವರು.

ಎಲ್ಲರೂ ಮನಸ್ಸಿನಲ್ಲೇ ತಲೆ ಎಣಿಸಿದರು. ಆಮೇಲೆ ಅತ್ತೆ ಹಿರಿಮಗಳ ಕಡೆ ತಿರುಗಿ, "ನೀನು ಇಲ್ಲೇ ಇರ್ತೀಯಲ್ಲ? ಹೇಗೂ ಇರ್ತೀಯಂದ್ರೆ ಚೀಲಗಳೂ ಇಲ್ಲೇ ಇರ್ಲಿ, ಅಲ್ಲೀ ತನಕ ಎಳಕೊಂಡು ಹೋಗೋದ್ಯಾಕೆ," ಎಂದಳು. ಷಡ್ಡಕ ಮರ್ಯಾದೆಗೆ, "ಭಾವ, ನೀವಾದ್ರೂ ಬನ್ನಿ," ಎಂದ.

ನಿಧಾನಣ್ಣ ಹೋದ. ಎಷ್ಟೋ ವರ್ಷ ಜನರನ್ನು ವಿಮಾನ ನಿಲ್ದಾಣದ ಬಾಗಿಲಿಗೆ ಬಿಟ್ಟು ಬಿಟ್ಟು, ಒಳಗೆ ಏನಿರುತ್ತದೆ ಎಂಬ ಕುತೂಹಲ ಅವನಿಗೆ. "ಸುಮ್ಮನೆ ನೋಡ್ಕೊಂಡು ಬಂದುಬಿಡ್ತೀನಿ ಕಣೇ," ಅಂತ ಹೆಂಡತಿಗೆ ಹೇಳಿಯೇ ಹೋದ. ಒಳಗೆ ಹಿಂದಕ್ಕೆ ವಾಲುವ ಕುರ್ಚಿ ಇತ್ತು, ಕಾಲು ಚಾಚಲು ಅದರದ್ದೇ ಒಂದು ಪುಟ್ಟ ಮಂಚ. ಕೂತು ನೋಡಿದ. ಹಿಂದಿನ ದಿನ ಕತ್ತಲಾಗುವ ತನಕ ಬಾಡಿಗೆ ಹೊಡೆದ ಮೈ ಅದು. ಕಣ್ಣು ಮುಚ್ಚಿದ್ದೇ ಗೊತ್ತು, ಮತ್ತೆ ಷಡ್ಡಕ ಭುಜ ಅಲ್ಲಾಡಿಸಿದಾಗ ವಿಮಾನ ಹತ್ತುವ ಹೊತ್ತು.

ವಿಮಾನದಲ್ಲಿ ಹೆಂಡತಿಯ ಪಕ್ಕ ಕೂತು ಆ ಕುರ್ಚಿಯನ್ನು ಹೊಗಳಿದ್ದೇ ಹೊಗಳಿದ್ದು. "ಎಂಥಾ ಕುರ್ಚಿ ಅಂತೀಯ! ಗುಂಡಿ ಒತ್ತಿದ್ರೆ ಸಾಕು, ತೊಟ್ಟಿಲಲ್ಲಿ ಮಲಗಿದ ಹಾಗೆ!"

"ಹೌದಾ," ಎಂದಳು ಅವಳು.

ಅಲ್ಲಿಂದ ಶುರುವಾಯಿತು. ಊರಿಗೆ ಮರಳಿದ ಮೇಲೆ ಟವೆಲ್ಲು ಮಂಚದ ಮೇಲೆ ಬಿದ್ದರೆ ಅವಳೇ ತೆಗೆದು ಹರವಿದಳು. ಬಲ್ಬು ಹೋದರೆ ಸ್ಟೂಲು ಹಾಕಿ ಅವಳೇ ಬದಲಾಯಿಸಿದಳು. ಊಟಕ್ಕೆ ಕರೆಯುತ್ತಾಳೆ, ಬಡಿಸುತ್ತಾಳೆ, ಸಾಕಾ ಬೇಕಾ ಕೇಳುತ್ತಾಳೆ. ದನಿಯಲ್ಲಿ ಸಿಟ್ಟಿಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಕೂತವರು ಮಾತಾಡುವಷ್ಟು ನಯ. ಮೊದಮೊದಲು ನಿಧಾನಣ್ಣ, ಪರವಾಗಿಲ್ಲ, ವಯಸ್ಸಾಗ್ತಾ ಹೆಂಡತಿ ಮೆತ್ತಗಾಗಿದ್ದಾಳೆ ಅಂದುಕೊಂಡು ಖುಷಿಪಟ್ಟ. ಅವನ ತಲೆಗೆ ವಿಷಯ ತಲುಪಲು ತಿಂಗಳುಗಳೇ ಬೇಕಾದವು. ಬೈಯದ ಹೆಂಡತಿ ಪಕ್ಕದಲ್ಲಿದ್ದೂ ಇಲ್ಲದ ಹಾಗೆ. ತನ್ನನ್ನು ಅವಳು ಮನಸ್ಸಿನಿಂದ ಕೆಳಗಿಳಿಸಿಬಿಟ್ಟಿದ್ದಾಳೆ ಅನ್ನಿಸಿ ಅವನಿಗೆ ನಿಜವಾಗಿ ಭಯವಾಯಿತು.

ಸ್ಟ್ಯಾಂಡಿನ ಹಿರಿಯ ಡ್ರೈವರ್‌ಗೆ ಗೇರ್‌ಬಾಕ್ಸ್ ಅಂತ ಹೆಸರು. ಗಂಟಲಿನ ಶಬ್ದ ಹಾಗಿದೆ. ನಿಧಾನಣ್ಣ ಅವನ ಹತ್ತಿರ ಹೊಟ್ಟೆಯಲ್ಲಿದ್ದುದನ್ನೆಲ್ಲ ಹೇಳಿಕೊಂಡ.

"ಅವಳನ್ನ ಕಬ್ಬಿಣದ ಕುರ್ಚೀಲಿ ಕೂರಿಸಿ ನೀನು ಮೆತ್ತಗಿನ ಕುರ್ಚೀಲಿ ಗೊರಕೆ ಹೊಡೆದ್ಯಾ?" ಗೇರ್‌ಬಾಕ್ಸ್ ಕೇಳಿದ. "ನನ್ನ ಹೆಂಡ್ತಿ ಆಗಿದ್ರೆ ಆ ವಿಮಾನದಿಂದ ನೂಕ್ತಿದ್ಲು."

"ನೂಕಿದ್ರೂ ಚೆನ್ನಾಗಿತ್ತಪ್ಪ. ಇವಳು ಮಾತಲ್ಲೇ ಮರ್ಯಾದೆ ಕೊಟ್ಟು ಕೊಲ್ತಾ ಇದಾಳೆ."

"ಹಾಗಾದ್ರೆ ಅವಳನ್ನೂ ಅದೇ ಕುರ್ಚೀಲಿ ಕೂರಿಸು. ಮುಗೀತಲ್ಲ."

ಹೌದಲ್ಲ! ನಿಧಾನಣ್ಣನಿಗೆ ಅದೇ ಸರಿ ಅನ್ನಿಸಿತು. ಅತ್ತೆ ಆಗಲೇ ಬರುವ ವರ್ಷವೂ ಮಗನ ಮನೆಗೆ ಹೋಗುವ ಮಾತೆತ್ತಿದ್ದಳು. ಅಷ್ಟರೊಳಗೆ ತನಗೂ ಒಂದು ಕಪ್ಪು ಕಾರ್ಡು ಬೇಕು. ಅವನ ಬಳಿ ಕಾರ್ಡೇ ಇರಲಿಲ್ಲ ಅಂತಲ್ಲ. ಗಾಡಿಯ ಸಾಲ ತೆಗೆಯುವಾಗ ಬೇಡ ಬೇಡವೆಂದರೂ ಬ್ಯಾಂಕಿನವರು ಕೈಗೆ ತುರುಕಿದ ಮಾಮೂಲಿ ಕಾರ್ಡೊಂದು ಬೀರುವಿನಲ್ಲಿ ಬಟ್ಟೆಯ ಕೆಳಗೆ ಬಿದ್ದಿತ್ತು. ಅದನ್ನು ಮೇಲಿನ ದರ್ಜೆಗೆ ಏರಿಸುವುದು ಹೇಗೆಂದು ಷಡ್ಡಕನನ್ನೇ ಕೇಳಿದ.

"ಬಹಳ ಸುಲಭ ಭಾವ. ವರ್ಷದಲ್ಲಿ ಕಾರ್ಡಿನ ಮೇಲೆ ಚೆನ್ನಾಗಿ ಖರ್ಚು ಮಾಡಿ. ಅವರು ಹೇಳಿದ ಮೊತ್ತ ದಾಟಿದ್ರೆ ಅವರೇ ಕರೆದು ಕೊಡ್ತಾರೆ," ಎಂದ ಷಡ್ಡಕ.

ಟ್ಯಾಕ್ಸಿ ಓಡಿಸುವವನು ಚೆನ್ನಾಗಿ ಖರ್ಚು ಮಾಡುವುದು ಯಾವುದರ ಮೇಲೆ? ಡೀಸೆಲ್ ಮೇಲೆ. ಅದೂ ಅವನೊಬ್ಬನದು ಸಾಲದು. ಗೇರ್‌ಬಾಕ್ಸ್ ತಲೆ ಓಡಿಸಿದ. ಸ್ಟ್ಯಾಂಡಿನ ಗಾಡಿಗಳೆಲ್ಲ ಬೆಳಿಗ್ಗೆ ಒಂದೇ ಬಂಕಿನಲ್ಲಿ ಸಾಲಾಗಿ ನಿಲ್ಲಬೇಕು, ಎಲ್ಲರ ಡೀಸೆಲ್ಲಿಗೂ ನಿಧಾನಣ್ಣನ ಕಾರ್ಡು ಉಜ್ಜಬೇಕು, ಅಲ್ಲೇ ಅವನ ಕೈಗೆ ನಗದು ಕೊಡಬೇಕು. "ನಿಧಾನಣ್ಣನ ಸಂಸಾರದ ಪ್ರಶ್ನೆ ಕಣ್ರೋ, ಯಾರೂ ಬೇರೆ ಬಂಕಿಗೆ ಹೋಗಕೂಡದು!" ಅಂತ ಅಪ್ಪಣೆಯೂ ಆಯಿತು. ಕಾಲೆಳೆಯುವುದಕ್ಕೆ ಒಂದು ವಸ್ತು ಸಿಕ್ಕಿತೆಂಬ ಸಂತೋಷಕ್ಕಾದರೂ ಎಲ್ಲರೂ ಒಪ್ಪಿದರು. ದಿನಾ ಬೆಳಿಗ್ಗೆ ನಿಧಾನಣ್ಣ ಬಂಕಿನಲ್ಲಿ ನಿಂತು ಗಾಡಿಯಿಂದ ಗಾಡಿಗೆ ಕಾರ್ಡು ಹಿಡಿದು ಓಡಾಡುವನು. ಬಂದ ನಗದನ್ನು ಆವತ್ತೇ ಬ್ಯಾಂಕಿಗೆ ಕಟ್ಟುವನು. ಬಂಕಿನ ಹುಡುಗಿ ಅವನನ್ನು ಮೇಸ್ತ್ರಿ ಅಂತ ತಿಳಿದು ನಮಸ್ಕಾರ ಹಾಕುತ್ತಿದ್ದಳು.

ಮಳೆ ಹೋಯಿತು, ಚಳಿ ಬಂತು, ಚಳಿಯೂ ಹೋಯಿತು. ಬ್ಯಾಂಕಿನಿಂದ ಕರೆ ಬರಲೇ ಇಲ್ಲ. ಪ್ರಯಾಣದ ಟಿಕೆಟ್ಟುಗಳು ಮಾತ್ರ ಬಂದವು. ಇನ್ನು ತಡೆಯಲಾಗದೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಶಾಖೆಗೇ ಹೋದ. ಕಾರ್ಡಿನ ವಿಭಾಗದಲ್ಲಿ ಕೂತಿದ್ದ ಹೆಂಗಸು ಕಂಪ್ಯೂಟರ್ ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿದಳು.

"ಸರ್, ನೀವು ಇಷ್ಟೊಂದು ಡೀಸೆಲ್ ಏನು ಮಾಡ್ತೀರಾ?"

"ಹಾಕಿಸ್ಕೋತೀನಿ ಮೇಡಂ. ಕಪ್ಪು ಕಾರ್ಡಿಗೆ ಆಗುವಷ್ಟು ಆಯ್ತಲ್ಲ?"

"ಡೀಸೆಲ್, ಪೆಟ್ರೋಲ್ ಲೆಕ್ಕಕ್ಕೆ ಬರಲ್ಲ ಸರ್. ಅದನ್ನು ಬಿಟ್ಟು ಬೇರೆ ಖರ್ಚು ನೋಡ್ತಾರೆ." ಅವಳು ಪರದೆಯ ಮೇಲೆ ಬೆರಳು ಓಡಿಸಿದಳು. "ಬೇರೆ... ಒಂದು ಸಲ ವೈಪರ್ ತಗೊಂಡಿದ್ದೀರಿ. ಒಂದೇ."

ಷಡ್ಡಕ ಸುಳ್ಳು ಹೇಳಿರಲಿಲ್ಲ. ಅವನಿಗೆ ಆಫೀಸಿನ ಕಾರು, ಆಫೀಸಿನ ಪೆಟ್ರೋಲು. ಈ ನಿಯಮ ಅವನ ದಾರಿಗೆ ಅಡ್ಡ ಬಂದಿರಲೇ ಇಲ್ಲ. ಇಂಥ ತಪ್ಪು ಮಾಡಬೇಕಾದರೆ ಟ್ಯಾಕ್ಸಿ ಸ್ಟ್ಯಾಂಡಿನವರೇ ಆಗಬೇಕು. ನಿಧಾನಣ್ಣ ಸ್ಟ್ಯಾಂಡಿಗೆ ವಾಪಸು ಬಂದು ಗಾಡಿಯ ಬಾನೆಟ್ಟಿನ ಮೇಲೆ ಕೈ ಚೆಲ್ಲಿ ಕೂತ. ವರ್ಷದ ಶ್ರಮವೆಲ್ಲ ಹೊಗೆಯಾಗಿ ಹೋಗಿತ್ತು. ಗೇರ್‌ಬಾಕ್ಸ್ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಗೆಳೆಯನ ಮುಖ ನೋಡಿ ನಗು ನಿಲ್ಲಿಸಿದ.

"ಎಷ್ಟು ದಿನ ಇದೆ?"

"ಎರಡು ತಿಂಗಳೂ ಇಲ್ಲ."

"ಸರಿ, ಬೇರೆ ಖರ್ಚು ಮಾಡೋಣ. ನಮ್ಮ ಮನೇಲಿ ವಾಷಿಂಗ್ ಮಷಿನ್ ಸತ್ತು ಬಿದ್ದಿದೆ. ಏಳು, ಕಾರ್ಡು ತಗೋ."

ಆಮೇಲಿನ ದಿನಗಳಲ್ಲಿ ನಿಧಾನಣ್ಣ ಆ ಊರಿನ ಅಂಗಡಿಗಳನ್ನೆಲ್ಲ ಸುತ್ತಿದ. ಯಾರ ಗಾಡಿಗೆ ಟಯರ್ ಬೇಕೋ, ಯಾರ ಅಪ್ಪನಿಗೆ ಹಲ್ಲಿನ ಸೆಟ್ ಬೇಕೋ, ಯಾರ ಮಗಳಿಗೆ ಕನ್ನಡಕ ಬೇಕೋ ಅವರೆಲ್ಲ ಇವನನ್ನು ಕರೆದುಕೊಂಡು ಹೋಗುವರು. ಇವನು ಕಾರ್ಡು ಉಜ್ಜುವನು, ಅವರು ದುಡ್ಡು ಕೊಡುವರು. ಒಬ್ಬ ಡ್ರೈವರ್‌ನ ಅಮ್ಮ ಹಾಸಿಗೆ ಅಂಗಡಿಯಲ್ಲಿ ಒಂದೊಂದೇ ಹಾಸಿಗೆಯ ಮೇಲೆ ಮಲಗಿ ನೋಡುತ್ತಾ ಅರ್ಧ ದಿನ ಕಳೆದಳು, ಕೊನೆಗೆ ದಿಂಬು ಮಾತ್ರ ತೆಗೆದುಕೊಂಡಳು. ಬಾಡಿಗೆ ತಪ್ಪಿದರೂ ನಿಧಾನಣ್ಣ ತುಟಿ ಪಿಟಕ್ಕೆನ್ನಲಿಲ್ಲ.

ಒಂದು ಸಂಜೆ ಅವನು ಮುಖ ತೊಳೆಯುತ್ತಿದ್ದಾಗ ಅವನ ಫೋನಿಗೆ ಬ್ಯಾಂಕಿನ ಸಂದೇಶ ಬಂತು. ಗೇರ್‌ಬಾಕ್ಸನ ಹೆಂಡತಿ ಕೊಂಡ ಚಪ್ಪಲಿಯದು. ಅಂಗಡಿಯ ಹೆಸರಿನಲ್ಲೇ ಹೆಂಗಸರ ಚಪ್ಪಲಿ ಅಂತಿತ್ತು. ಹೊಲಿಗೆ ಮಷಿನ್ನಿನ ಪಕ್ಕವೇ ಇದ್ದ ಫೋನು, ನಿಧಾನಣ್ಣನ ಹೆಂಡತಿ ಓದಿದಳು. ಮುಖ ಒರೆಸಿಕೊಳ್ಳುತ್ತಾ ಬಂದವನು ಅವಳ ಕೈಯಲ್ಲಿ ಫೋನು ನೋಡಿ ಕಲ್ಲಾದ. ಹಿಂದಿನ ಕಾಲವಾಗಿದ್ದರೆ ಯಾರವಳು, ಎಷ್ಟನೇ ನಂಬರಿನ ಕಾಲು, ಎಲ್ಲಿ ಇಟ್ಟಿದ್ದೀರಿ ಅವಳನ್ನ ಅಂತ ಬೀದಿಯೇ ಸೇರುತ್ತಿತ್ತು. ಅವನು ಗಾಬರಿಯಿಂದ ವಿವರಿಸಲು ಹೊರಟ.

"ಅದು ಗೇರ್‌ಬಾಕ್ಸನ ಹೆಂಡ್ತಿಗೆ... ಅಂದ್ರೆ ನಾನಲ್ಲ ಕೊಡ್ಸಿದ್ದು, ಅವನೇ..."

"ನಾನೇನಾದ್ರೂ ಕೇಳಿದ್ನಾ?" ಎಂದು ಅವಳು ಫೋನು ಅವನ ಕೈಗಿಟ್ಟಳು. "ಕಾಫಿ ಬಿಸಿ ಇದೆ, ಕುಡೀರಿ."

ಆವತ್ತು ಅವನು ಕಾಫಿ ಮುಟ್ಟಲಿಲ್ಲ. ಅಳು ಬಂದ ಹಾಗಾಯಿತು, ಅಂಗಳಕ್ಕೆ ಹೋಗಿ ಗಾಡಿ ತೊಳೆದ.

ಹೊರಡಲು ಒಂದು ವಾರ ಇರುವಾಗ ಕಾರ್ಡು ಬಂತು. ದಪ್ಪ ಲಕೋಟೆ, ಒಳಗೆ ಪುಟ್ಟ ಪುಸ್ತಕ. ವರ್ಷಕ್ಕೆ ಕೆಲವು ಸಲ ಪುಕ್ಕಟೆ ಗಾಲ್ಫ್ ಆಡಬಹುದಂತೆ. "ಕೋಲು ಅವರೇ ಕೊಡ್ತಾರಾ, ಮನೆಯಿಂದ ಒಯ್ಯಬೇಕಾ?" ಅಂತ ಗೇರ್‌ಬಾಕ್ಸ್ ಕೇಳಿದ. ಸ್ಟ್ಯಾಂಡಿನವರೆಲ್ಲ ಕಾರ್ಡನ್ನು ಕೈಯಿಂದ ಕೈಗೆ ದಾಟಿಸಿ, ತೂಗಿ, ಬೆಳಕಿಗೆ ಹಿಡಿದು ನೋಡಿದರು. ಲಾಂಜಿಗೆ ಕಾರ್ಡಿನವನ ಜೊತೆ ಇನ್ನೊಬ್ಬರಿಗೆ ಪ್ರವೇಶ ಅಂತ ಸ್ಪಷ್ಟವಾಗಿ ಬರೆದಿತ್ತು. ಇನ್ನೊಬ್ಬರು ಸಾಕು. ನಿಧಾನಣ್ಣ ಮನೆಗೆ ಹೋಗಿ ಅದನ್ನು ಹೊಲಿಗೆ ಮಷಿನ್ನಿನ ಮೇಲೆ, ಅವಳ ಕಣ್ಣಿಗೆ ಬೀಳುವ ಹಾಗೆ ಇಟ್ಟ.

"ಚೆನ್ನಾಗಿದೆ," ಎಂದಳು ಅವಳು, ಮತ್ತು ಸೂಜಿಗೆ ದಾರ ಪೋಣಿಸಿದಳು.

ಇರಲಿ, ಕುರ್ಚಿಯಲ್ಲಿ ಕೂತ ಮೇಲೆ ಸರಿಹೋಗುತ್ತಾಳೆ ಅಂದುಕೊಂಡ.

ಅದೇ ದೊಡ್ಡ ನಿಲ್ದಾಣ. ಮಧ್ಯಾಹ್ನದ ಬಿಸಿಲು ಗಾಜಿನ ಗೋಡೆಯಿಂದ ಒಳಗೆ ಬಂದು ನೆಲವೆಲ್ಲ ಹೊಳೆಯುತ್ತಿತ್ತು. ಷಡ್ಡಕ ತನ್ನ ಕಾರ್ಡು ತೆಗೆದ. ನಿಧಾನಣ್ಣನೂ ತೆಗೆದ. ಅತ್ತೆ ಎರಡನ್ನೂ ನೋಡಿ, "ಅಳಿಯಂದಿರೇ, ನಿಮ್ಮದೂ ಬಂತಾ? ಸದ್ಯ! ಈ ಸಲ ಯಾರೂ ಹೊರಗೆ ಉಳಿಯೋ ಹಾಗಿಲ್ಲ," ಎಂದು ಸಂತೋಷಪಟ್ಟಳು. ಷಡ್ಡಕ, ಅವನ ಹೆಂಡತಿ, ಅತ್ತೆ ತಂತಮ್ಮ ಚೀಲ ಎಳೆದುಕೊಂಡು ಲಾಂಜಿನ ಬಾಗಿಲು ದಾಟಿದರು. ನಿಧಾನಣ್ಣ ಹಿಂದೆ ತಿರುಗಿದ. ಹೆಂಡತಿ ಉಕ್ಕಿನ ಕುರ್ಚಿಗಳ ಸಾಲಿನಲ್ಲಿ ಕೂತಿದ್ದಳು, ಇಬ್ಬರ ಚೀಲಗಳೂ ಅವಳ ಕಾಲ ಬಳಿ ಇದ್ದವು.

"ಬಾರೇ, ಹೋಗೋಣ."

"ನಾನು ಬರಲ್ಲ. ನೀವು ಹೋಗಿ."

"ಇದನ್ನ ಮಾಡ್ಸಿದ್ದೇ ನಿನಗೋಸ್ಕರ ಕಣೇ. ಒಂದು ವರ್ಷ ಒದ್ದಾಡಿದ್ದೀನಿ. ಆ ಕುರ್ಚೀಲಿ ನೀನೂ ಒಂದ್ಸಲ ಕೂತ್ಕೋಬೇಕು ಅಂತ..."

"ಕುರ್ಚಿ!" ಅಂದಳು ಅವಳು. ಆ ಒಂದು ಮಾತಿಗೇ ಅಕ್ಕಪಕ್ಕದವರು ತಿರುಗಿ ನೋಡಿದರು. "ನಾನು ಯಾವತ್ತು ರೀ ಕುರ್ಚಿ ಕೇಳಿದ್ದು? ಕುರ್ಚಿ ಕುರ್ಚಿ ಅಂತ ಪ್ರಾಣ ತಿಂತೀರಲ್ಲ, ಕೂರೋಕೆ ಇಲ್ಲಿ ಇರ್ಲಿಲ್ವಾ? ನಂಗೆ ಬಾತ್‌ರೂಮಿಗೆ ಹೋಗ್ಬೇಕಿತ್ತು!"

ನಿಧಾನಣ್ಣ ಎತ್ತಿ ಹಿಡಿದಿದ್ದ ಕಾರ್ಡನ್ನು ಕೆಳಗಿಳಿಸಿದ.

"ಐದು ಜನರ ಚೀಲ ನನ್ನ ಸುತ್ತ. ಬಿಟ್ಟು ಏಳೋ ಹಾಗಿಲ್ಲ. ಪಕ್ಕದವರನ್ನ ನೋಡ್ಕೊಳ್ಳಿ ಅನ್ನೋಣ ಅಂದ್ರೆ, ಚೀಲ ಬಿಟ್ಟು ಹೋಗ್ಬೇಡಿ, ಗುರುತಿಲ್ಲದವರ ಕೈಗೆ ಕೊಡ್ಬೇಡಿ ಅಂತ ಮೈಕಲ್ಲಿ ಕೂಗ್ತಾನೇ ಇದಾರೆ. ಎಲ್ಲಾ ಎಳಕೊಂಡು ಹೋಗೋಣ ಅಂದ್ರೆ ನಂಗೆಷ್ಟು ಕೈ ಇದೆ? ನಿಮಗೆ ಫೋನ್ ಮಾಡಿದೆ. ಮತ್ತೆ ಮಾಡಿದೆ. ಮತ್ತೆ ಮಾಡಿದೆ. ನೋಡ್ಕೊಂಡು ಬಂದುಬಿಡ್ತೀನಿ ಅಂದವರು, ಈಗ ಬರ್ತಾರೆ, ಈಗ ಬರ್ತಾರೆ ಅಂತ ಆ ಬಾಗಿಲನ್ನೇ ನೋಡ್ತಾ ಕೂತೆ." ಅವಳ ದನಿ ಇದ್ದಕ್ಕಿದ್ದಂತೆ ತಗ್ಗಿತು. "ಆಮೇಲೆ ತಡೆಯೋಕಾಗ್ಲಿಲ್ಲ. ಇಷ್ಟು ವಯಸ್ಸಾದವಳು, ಇಷ್ಟು ಜನರ ಮಧ್ಯೆ. ಬಾಟಲಿ ನೀರನ್ನ ಮಡಿಲಿಗೆ ಸುರಕೊಂಡೆ. ಕೈ ಜಾರಿ ಚೆಲ್ತು ಅಂತ ನಿಮಗೆಲ್ಲ ಹೇಳ್ದೆ."

ಅವನಿಗೆ ನೆನಪಾಯಿತು. ಅವಳು ಒದ್ದೆ ಬಟ್ಟೆಯಲ್ಲೇ ವಿಮಾನ ಹತ್ತಿದ್ದಳು. ಮುಚ್ಚಳ ಹಾಕೋಕೂ ಬರಲ್ವೇನೇ ಮಗು ಥರ ಅಂತ ಅವನೇ ಅಂದಿದ್ದ. ಷಡ್ಡಕ ನಕ್ಕಿದ್ದ, ಅತ್ತೆ ನಕ್ಕಿದ್ದಳು, ಅವಳ ತಂಗಿ ನಕ್ಕಿದ್ದಳು. ಎಲ್ಲರಿಗಿಂತ ಜೋರಾಗಿ ಅವನೇ ನಕ್ಕಿದ್ದ. ಆ ಒದ್ದೆಯ ಪಕ್ಕದಲ್ಲೇ ಕೂತು ಕುರ್ಚಿಯ ವರ್ಣನೆ ಮಾಡಿದ್ದ.

ಲಾಂಜಿನ ಬಾಗಿಲಲ್ಲಿ ನಿಂತಿದ್ದ ಸಮವಸ್ತ್ರದ ಹೆಂಗಸು, "ಸರ್, ಒಳಗೆ ಬರ್ತೀರಾ?" ಎಂದು ಕೇಳಿದಳು. ಅವನು ಇಲ್ಲವೆಂದು ತಲೆಯಾಡಿಸಿ, ಕಾರ್ಡನ್ನು ಜೇಬಿಗೆ ಹಾಕಿಕೊಂಡು ಹೆಂಡತಿಯ ಮುಂದೆ ಬಂದು ನಿಂತ. ಕೈ ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ.

"ಒಂದು ಮಾತು ಹೇಳಬಾರದಿತ್ತೇನೇ..."

"ಏನಂತ ಹೇಳ್ಲಿ? ಯಾವ ಬಾಯಲ್ಲಿ ಹೇಳ್ಲಿ?"

"ನನ್ನದು ತಪ್ಪಾಯ್ತು ಕಣೇ. ದೊಡ್ಡ ತಪ್ಪಾಯ್ತು."

"ಆಯ್ತು, ಆಯ್ತು. ಹಾಗೆ ಕಂಬದ ಥರ ನಿಂತ್ಕೋಬೇಡಿ, ಎಲ್ಲಾ ನೋಡ್ತಾ ಇದಾರೆ. ಕೂತ್ಕೊಳ್ಳಿ."

ಅವನು ಕೂತ. ಉಕ್ಕಿನ ಕುರ್ಚಿ ತಣ್ಣಗೆ ಕೊರೆಯುತ್ತಿತ್ತು. ಅವಳು ಎದ್ದು ಬಟ್ಟೆ ಸರಿಮಾಡಿಕೊಂಡು, ಎರಡೂ ಚೀಲಗಳನ್ನು ಕಾಲಿನಿಂದ ಅವನ ಕಡೆಗೆ ನೂಕಿದಳು.

"ನಾನು ಹೋಗಿ ಬರ್ತೀನಿ," ಎಂದಳು.

ಬಾತ್‌ರೂಮು ಹಜಾರದ ಆ ತುದಿಯಲ್ಲಿತ್ತು. ಅವಳು ಜನರ ನಡುವೆ ನಡೆದು ಹೋದಳು. ತಿರುವಿನ ಹತ್ತಿರ ನಿಂತು, ಅವನು ಇದ್ದಾನೋ ಇಲ್ಲವೋ ಎಂದು ಹಿಂದಿರುಗಿ ನೋಡಿದಳು. ಅವನು ಎರಡೂ ಚೀಲಗಳ ಮೇಲೆ ಕೈ ಇಟ್ಟುಕೊಂಡಿದ್ದ. ಇದ್ದೇನೆ ಎಂಬಂತೆ ಒಂದು ಕೈ ಎತ್ತಿದ. ಅವಳು ಇನ್ನೂ ಸ್ವಲ್ಪ ಹೊತ್ತು ನಿಂತು ನೋಡಿದಳು, ಆಮೇಲೆ ಒಳಗೆ ಹೋದಳು.